ವೀಳ್ಯ ಕೊಟ್ಟು ಬಂದ ಮನೆ

ದೊಡ್ಡಗಾಜನೂರಿನಲ್ಲಿ ಯಾರ ಹೊಲಕ್ಕೆ ಚೆಂಡುಹೂವಿನ ಸಸಿ ಇಳಿದರೂ ಮೊದಲ ಸಸಿಯನ್ನು ಪುಟ್ಟಬಸಮ್ಮ ನೆಡಬೇಕಿತ್ತು. ಹೊಸ ಗಡಿಗೆಗೆ ಮೊದಲ ಹೆಪ್ಪು ಹಾಕುವುದು, ಹೊಸ ಒಲೆಗೆ ಮೊದಲ ಬೆಂಕಿ ಹೊತ್ತಿಸುವುದು, ಕರು ಹಾಕಿದ ಹಸುವಿನ ಗಿಣ್ಣುಹಾಲು ಕರೆಯುವುದು, ಇದಕ್ಕೆಲ್ಲ ಅವಳನ್ನೇ ಕರೆಯುತ್ತಿದ್ದರು. ಅವಳ ಕೈಗುಣ ಒಳ್ಳೆಯದೆಂದು ಊರು ಒಪ್ಪಿತ್ತು, ಅವಳೂ ಒಪ್ಪಿಕೊಂಡಿದ್ದಳು. ಕರೆದವರ ಮನೆಗೆ ಹೋಗುವಾಗ ಹಣೆಗೆ ವಿಭೂತಿ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದಾರಿಯಲ್ಲಿ ಯಾರೊಂದಿಗೂ ಮಾತಾಡದೆ ಹೋಗುತ್ತಿದ್ದಳು. ಬರುವಾಗ ಮಾತ್ರ ಎಲ್ಲರ ಜಗಲಿಯ ಮುಂದೂ ನಿಂತು ಬರುತ್ತಿದ್ದಳು.

ಇಷ್ಟು ಒಳ್ಳೆಯ ಕೈಗೆ ಸಿಗದೆ ಉಳಿದದ್ದು ಒಂದೇ, ಬಸ್ಸು. ಊರಿಗೆ ಬೆಳಿಗ್ಗೆ ಒಂದು ಬಸ್ಸು ಬರುತ್ತಿತ್ತು, ಸಂಜೆ ಒಂದು ಬರುತ್ತಿತ್ತು. ನಡುವೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತನ್ನ ಸ್ವಂತ ತಂಗಿಯ ಮದುವೆಗೆ ಹೊರಟವಳಿಗೆ ಬೆಳಗಿನ ಬಸ್ಸು ತಪ್ಪಿ, ಸೌತೆಕಾಯಿ ತುಂಬಿದ ಲಾರಿ ಹತ್ತಿ, ಕೊನೆಗೆ ಮದುವೆ ಮನೆ ಮುಟ್ಟಿದಾಗ ಉಂಡ ಎಲೆ ತೆಗೆಯುತ್ತಿದ್ದರು. ತಾಳಿ ಕಟ್ಟಿದ್ದನ್ನು ಅವಳು ನೋಡಲಿಲ್ಲ. ಅಂದಿನಿಂದ ಯಾವ ಊರಿಗೆ ಹೊರಟರೂ ಅವಳು ಹೊತ್ತು ಮೂಡುವ ಮೊದಲೇ ಹೋಗಿ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದಳು. “ನಿನ್ನ ನೋಡೇ ಡ್ರೈವರು ಗಾಡಿ ಎತ್ತಾನೆ ಕಣಮ್ಮಿ” ಎಂದು ಗಂಡ ಜಡೇಸ್ವಾಮಿ ನಗುತ್ತಿದ್ದ. ಅವಳು ನಗುತ್ತಿರಲಿಲ್ಲ.

ಮಗಳು ಸೌಮ್ಯಳಿಗೆ ಕೊಯಮತ್ತೂರಿನಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತು. ಅವಳನ್ನು ಹಾಸ್ಟೆಲಿಗೆ ಬಿಟ್ಟುಬರಲು ಪುಟ್ಟಬಸಮ್ಮನೇ ಹೋದಳು. ಬಿಟ್ಟು, ಕಣ್ಣೊರೆಸಿಕೊಂಡು, ಗಾಂಧಿಪುರದ ಬಸ್‌ಸ್ಟ್ಯಾಂಡಿನ ಎದುರು ಬೀದಿಗೆ ಬರುವಷ್ಟರಲ್ಲಿ ಬಿಸಿಲೇರಿತ್ತು. ಒಂದು ಟೈಲರ್ ಅಂಗಡಿಯ ಪಕ್ಕದ ಮೆಟ್ಟಿಲಿನ ನೆರಳಿನಲ್ಲಿ ಕೂತಳು. ತಲೆಯ ಮೇಲೆ, ಮನೆ ಬಾಡಿಗೆಗೆ ಇದೆ ಎಂದು ತಮಿಳಿನಲ್ಲಿ ಬರೆದ ರಟ್ಟು ತೂಗುತ್ತಿತ್ತು. ಕುಡಿಯಲು ನೀರು ಕೇಳಿದಳು. ಮನೆಯೊಡತಿ ಕೆಳಗಿನ ಮನೆಯಿಂದ ಚೊಂಬಿನಲ್ಲಿ ನೀರು ತಂದು ಕೊಟ್ಟಳು. ಪಾವಾತ್ತಾ ಎಂದು ಅವಳ ಹೆಸರು, ದಪ್ಪ ಕನ್ನಡಕದ ಹೆಂಗಸು. ನೀರು ಸಿಹಿಯಾಗಿತ್ತು.

“ಸಿರುವಾಣಿ ಹೊಳೆಯ ನೀರು, ಅಮ್ಮಿಣಿ. ಮೇಲಿನ ಮನೆಗೂ ಒಂದು ನಲ್ಲಿ ಬಿಟ್ಟಿದ್ದೇನೆ” ಎಂದಳು ಪಾವಾತ್ತಾ ತಮಿಳಿನಲ್ಲಿ. ಊರು ತಮಿಳುನಾಡಿಗೆ ಸೇರಿದ್ದರಿಂದ ಸಂತೆಯಲ್ಲೂ ಆಫೀಸಿನಲ್ಲೂ ಆಡಿ ಪಳಗಿದ್ದ ಪುಟ್ಟಬಸಮ್ಮನಿಗೆ ಆ ಭಾಷೆ ತೊಡಕಾಗಲಿಲ್ಲ. “ಮನೆ ನೋಡಬೇಕಾ?”

ನೋಡಬೇಕೆಂದು ಅವಳು ಬಂದಿರಲಿಲ್ಲ. ಆದರೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಮೇಲೆ ಹೋದರೆ ಒಂದು ಹಾಲು, ಒಂದು ಮಲಗುವ ಕೋಣೆ, ಒಬ್ಬರು ನಿಂತು ತಿರುಗುವಷ್ಟು ಅಡಿಗೆಮನೆ. ಬಚ್ಚಲು ಮನೆಯ ಒಳಗೇ ಇತ್ತು. ಪುಟ್ಟಬಸಮ್ಮ ಅದರ ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿದಳು. ಮಲಗುವ ಕೋಣೆಯ ಕಿಟಕಿಗೆ ನವಿಲಿನ ಆಕಾರದ ಹಸಿರು ಕಂಬಿ. ಅದರ ಆಚೆಗೆ ಬೀದಿ, ಬೀದಿಯ ಆಚೆಗೆ ಬಸ್‌ಸ್ಟ್ಯಾಂಡು. ಒಂದು ಬಸ್ಸು ಹೊರಟಿತು. ಅದರ ಬಾಲ ತಿರುಗುವ ಮೊದಲೇ ಇನ್ನೊಂದು ಬಂದು ಅದೇ ಜಾಗದಲ್ಲಿ ನಿಂತಿತು. ಅಲ್ಲಿ ಯಾರೂ ಓಡುತ್ತಿರಲಿಲ್ಲ. ತಪ್ಪಿಸಿಕೊಂಡವರು ಕಡಲೆಕಾಯಿ ಬಿಡಿಸುತ್ತ ಮುಂದಿನದಕ್ಕೆ ನಿಂತಿದ್ದರು. ಅವಳು ನವಿಲಿನ ಕತ್ತನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದಳು.

ಆಗಲೇ ಅವಳ ಮನಸ್ಸಿಗೆ ಬಂತು. ಈ ಮನೆ ಹಿಡಿದರೆ ಮಗಳು ಹಾಸ್ಟೆಲಿನ ನೀರುಸಾರು ತಿನ್ನುವುದು ತಪ್ಪುತ್ತದೆ. ತಾನು ಹೂ ಕಟ್ಟಿ ಬಸ್‌ಸ್ಟ್ಯಾಂಡಿನ ಬಾಯಿಯಲ್ಲೇ ಮಾರಬಹುದು. ಹಬ್ಬಕ್ಕೆ, ಮದುವೆಗೆ, ಸಾವಿಗೆ, ಯಾವ ಊರಿಗಾದರೂ ಸರಿ, ಮೆಟ್ಟಿಲಿಳಿದರೆ ಬಸ್ಸು.

ಸೊಂಟದ ಸಂಚಿಯಿಂದ ಎರಡು ಎಲೆ, ಒಂದು ಅಡಿಕೆ, ಒಂದು ರೂಪಾಯಿ ನಾಣ್ಯ ತೆಗೆದಳು. ಎಲೆಯ ತೊಟ್ಟು ತನ್ನ ಕಡೆಗೆ ಬರುವಂತೆ ಹಿಡಿದು, ತಾನು ದೊಡ್ಡಗಾಜನೂರಿನವಳೆಂದು ಹೇಳಿ, ಎರಡೂ ಕೈಯಿಂದ ಕೊಟ್ಟಳು. ಪಾವಾತ್ತಾ ಎರಡೂ ಕೈ ಚಾಚಿ ಈಸಿಕೊಂಡು, ಕಣ್ಣಿಗೊತ್ತಿಕೊಂಡು, ಒಳಗಿನಿಂದ ಕುಂಕುಮ ತಂದು ಇಟ್ಟಳು. ಅಂದು ಶುಕ್ರವಾರ. ಮನೆಗೆ ಬಂದ ಮುತ್ತೈದೆ ತಾಂಬೂಲ ಕೊಟ್ಟಳೆಂದು ಆ ತಾಯಿ ಸಂತೋಷಪಟ್ಟಳು, ಅಷ್ಟೆ. ಪುಟ್ಟಬಸಮ್ಮನ ಲೆಕ್ಕವೇ ಬೇರೆ. ಅವಳ ಊರಿನಲ್ಲಿ ಹೆಣ್ಣು ಕೇಳುವುದಾದರೂ, ಹಸು ಕೊಳ್ಳುವುದಾದರೂ, ಹೊಲ ವಾರಕ್ಕೆ ಹಿಡಿಯುವುದಾದರೂ ವೀಳ್ಯ ಕೈ ಬದಲಾಯಿತೆಂದರೆ ಮಾತು ಕಟ್ಟಿದ ಹಾಗೆ. ಆಮೇಲೆ ಇನ್ನೊಬ್ಬರು ಬಂದು ಕೇಳಿದರೆ ‘ವೀಳ್ಯ ಆಗಿದೆ’ ಅಂದರೆ ಸಾಕು, ಬಂದವರು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಮುಂಗಡ ಕೊಡಬೇಕು, ಕೊಟ್ಟವರಿಗೇ ಮನೆ ಎಂಬ ಪಟ್ಟಣದ ರೀತಿ ಅವಳಿಗೆ ತಿಳಿದಿರಲಿಲ್ಲ. ಮನೆ ತನ್ನದಾಯಿತೆಂದೇ ತಿಳಿದು ಬಸ್ಸು ಹತ್ತಿದಳು. ದಿಂಬಂ ಘಾಟಿ ಹತ್ತುವಾಗ ಎಲ್ಲರೂ ತಿರುವಿಗೊಂದು ಸಲ ತಲೆ ಹಿಡಿದುಕೊಂಡರೆ ಅವಳು ಮನಸ್ಸಿನಲ್ಲೇ ಪಾತ್ರೆ ಜೋಡಿಸುತ್ತಿದ್ದಳು.

ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದಳು.

“ಬಾಡಿಗೆ ಮನೇನಾ?” ಜಡೇಸ್ವಾಮಿ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. “ನಮ್ಗೇನು ಮನೆ ಇಲ್ವಾ? ಒಲ ಇಲ್ವಾ? ಇನ್ನೊಬ್ರ ಮಾಳಿಗೆ ಮೇಲೆ ಓಗಿ ಕೂತ್ರೆ ನೆಂಟ್ರು ಏನಂದಾರು?”

“ಯಾರೇನೂ ಅನ್ನಕ್ಕಿಲ್ಲ. ಮಗೀಗೆ ಊಟ ಸೇರ್ದು ಅಂತ ಏಳಿದ್ನಲ್ಲ.”

“ಊವ ಯಾರು ಬುಡಿಸ್ತಾರೆ? ಅಸೂನ್ ಯಾರು ಕರೀತಾರೆ? ನಾನಾ?”

ಅವನು ಹಾಲು ಕರೆಯಲು ಕೂತರೆ ಹಸು ಒದೆಯುತ್ತಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಅವಳ ಮುಖ ನೋಡಿ ಅವನೇ ಮೆತ್ತಗಾದ. “ಊವು ಮುಗೀಲಿ, ನೋಡವ” ಎಂದ. ಆ ಒಂದು ಮಾತನ್ನು ಅವಳು ಒಪ್ಪಿಗೆಯೆಂದೇ ಎತ್ತಿಟ್ಟುಕೊಂಡಳು. ವೀಳ್ಯ ಕೊಟ್ಟುಬಂದದ್ದನ್ನು ಹೇಳಲಿಲ್ಲ. ತನ್ನನ್ನು ಕೇಳದೆ ಮಾತು ಕೊಟ್ಟಳೆಂದು ಅವನು ಉರಿದುಬೀಳುತ್ತಿದ್ದ.

ಮನೆಯ ಸುದ್ದಿಯನ್ನು ಯಾರಿಗೂ ಹೇಳದೆ ಇರಲೂ ಆಗದು. ಪಕ್ಕದ ಸಾಲಿನಲ್ಲಿ ಹೂ ಬಿಡಿಸುತ್ತಿದ್ದವಳು ವಾರಗಿತ್ತಿ ಗುರುಲಿಂಗಮ್ಮ. ಜಡೇಸ್ವಾಮಿಯ ತಮ್ಮ ವೃಷಭೇಂದ್ರನ ಹೆಂಡತಿ. ಅಣ್ಣತಮ್ಮಂದಿರು ಬೇರೆಯಾಗಿದ್ದರೂ ಎರಡು ಮನೆಗೆ ಒಂದೇ ಗೋಡೆ, ಎರಡು ಹೊಲಕ್ಕೆ ಒಂದೇ ಬದು. ಗುರುಲಿಂಗಮ್ಮ ವಯಸ್ಸಿನಲ್ಲಿ ಬಹಳ ಚಿಕ್ಕವಳು, ಮಕ್ಕಳಿನ್ನೂ ಆಗಿರಲಿಲ್ಲ. ಏನು ಹೇಳಿದರೂ ಕಣ್ಣರಳಿಸಿ ಕೇಳುತ್ತಿದ್ದಳು. ಹಾಗೆ ಕೇಳುವವರು ಸಿಕ್ಕರೆ ಯಾರಿಗೆ ತಾನೆ ಬಾಯಿ ನಿಲ್ಲುತ್ತದೆ? ಪುಟ್ಟಬಸಮ್ಮ ಟೈಲರ್ ಅಂಗಡಿ ಹೇಳಿದಳು, ಮೆಟ್ಟಿಲು ಹೇಳಿದಳು, ಸಿಹಿನೀರು ಹೇಳಿದಳು, ಒಳಗಿನ ಬಚ್ಚಲು ಹೇಳಿದಳು, ನವಿಲಿನ ಕಂಬಿ ಹೇಳಿದಳು. ವೀಳ್ಯದ ಮಾತೊಂದನ್ನು ಬಿಟ್ಟಳು.

“ಬಾವ ಒಪ್ಕಂಡ್ರಾ ಅಕ್ಕ?” ಎಂದು ಗುರುಲಿಂಗಮ್ಮ ಕೇಳಿದಳು.

“ಒಪ್ಪಾರಾ? ನೆಂಟ್ರು ನಗ್ತಾರಂತೆ” ಎಂದಳು ಇವಳು, ಗಂಡನ ಮೇಲಿನ ಸಿಟ್ಟಿಗೆ.

ಅದಾದ ಸ್ವಲ್ಪ ದಿನಕ್ಕೆ ವೃಷಭೇಂದ್ರನಿಗೆ ವರ್ಗವಾಯಿತು. ಅವನು ಸರ್ಕಾರಿ ಬಸ್ಸಿನ ಡ್ರೈವರು. ತಾಳವಾಡಿ ಕಡೆಯ ಗಾಡಿ ಓಡಿಸುತ್ತಿದ್ದವನನ್ನು ಕೊಯಮತ್ತೂರಿಗೆ ಹಾಕಿದರು. ಬೆಳಗಿನ ಮೊದಲ ಗಾಡಿ ಎತ್ತಬೇಕಾದವನು ಬಸ್‌ಸ್ಟ್ಯಾಂಡಿನ ಹತ್ತಿರವೇ ಮನೆ ಮಾಡಬೇಕು ಎಂಬ ಮಾತು ಗೋಡೆಯ ಆಚೆಯಿಂದ ಪುಟ್ಟಬಸಮ್ಮನ ಕಿವಿಗೂ ಬಿತ್ತು. ಮಾಡಿಕೊಳ್ಳಲಿ ಎಂದುಕೊಂಡಳು.

ಒಂದು ಸಂಜೆ ಅವಳು ಹಸುವಿನ ಕೆಚ್ಚಲು ತೊಳೆಯುತ್ತಿದ್ದಾಗ ಗುರುಲಿಂಗಮ್ಮ ತಟ್ಟೆಯಲ್ಲಿ ಕಜ್ಜಾಯ ತಂದಳು.

“ಮನೆ ಸಿಕ್ತು ಕಣಕ್ಕ! ಆಡಿ ತಿಂಗ್ಳು ಕಳುದ್ ಮೇಲೆ ಓಗದು. ಒಂದು ಹಾಲು, ಒಂದು ಬೆಡ್‌ರೂಮು. ಕೆಳುಗ್ಡೆ ಟೈಲರ್ ಅಂಗ್ಡಿ ಅದೆ.”

ಪುಟ್ಟಬಸಮ್ಮನ ಕೈಯಲ್ಲಿದ್ದ ಚೊಂಬು ನಿಂತಿತು. “ಕಿಟ್ಕಿಗೆ ನವಿಲು ಅದಾ?” ಎಂದಳು, ಹಿಂದಿರುಗದೆ.

“ಊಂ ಕಣಕ್ಕ, ಅದೇಯ! ನೀನ್ ಏಳಿದ್ ಗುರ್ತ ಇಡ್ಕಂಡೇ ಓದ್ರು ನಮ್ಮೋರು. ಆವಮ್ಮ ಊರು ಯಾವುದು ಅಂತ ಕೇಳಿದ್ಲಂತೆ. ದೊಡ್ಡಗಾಜನೂರು ಅಂದೇಟ್ಗೆ ಬೀಗದ್ ಕೈ ಎತ್ ಕೊಟ್ಬುಟ್ಲಂತೆ. ಬಾವ ಒಪ್ಪದಿಲ್ಲ ಅಂದ್ಯಲ್ಲ, ಅದ್ಕೆ ನಾವೇ... ತಗಾ ಅಕ್ಕ, ಬಿಸೀಗವೆ.”

ಪುಟ್ಟಬಸಮ್ಮ ಕಜ್ಜಾಯವನ್ನು ಬಾಯಿಗಿಟ್ಟುಕೊಂಡಳು. “ಬೆಲ್ಲ ಜಾಸ್ತಿ ಆಗದೆ” ಎಂದಳು.

ಆ ರಾತ್ರಿಯಿಂದ ಅವಳ ಹೊಟ್ಟೆಯಲ್ಲಿ ಒಂದು ಕೆಂಡ ಕೂತಿತು. ಗೋಡೆಯ ಆಚೆ ಪಾತ್ರೆ ಸದ್ದಾದರೆ, ಯಾವುದನ್ನು ಕಟ್ಟುತ್ತಿದ್ದಾಳೆ ಎಂದು ಕಿವಿ ಕೊಡುತ್ತಿದ್ದಳು. ದೋಸೆಯ ಕಾವಲಿಯಾ, ತಿರುಗುವ ಕಲ್ಲಾ? ತಿರುಗುವ ಕಲ್ಲನ್ನು ಎಲ್ಲಿಡುತ್ತಾಳೆ, ಆ ಅಡಿಗೆಮನೆಯಲ್ಲಿ ಜಾಗವೆಲ್ಲಿದೆ? ತನಗಾಗಿದ್ದರೆ ಕಿಟಕಿಯ ಕೆಳಗಿಡುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಗುರುಲಿಂಗಮ್ಮ ತಾಳವಾಡಿ ಸಂತೆಯಿಂದ ಹೂವಿನ ಚಿತ್ರದ ಕರ್ಟನ್ ಬಟ್ಟೆ ತಂದು ತೋರಿಸಿದಳು. “ನವಿಲೇ ಅದಲ್ಲ, ಇದ್ಯಾಕೆ ಮುಚ್ಚಕೆ?” ಎಂದಳು ಇವಳು. ಗುರುಲಿಂಗಮ್ಮನ ಮುಖ ಸಣ್ಣದಾಯಿತು. ಅದರಿಂದ ಇವಳಿಗೆ ಒಂದು ಗಳಿಗೆ ತಂಪಾಯಿತು, ಮತ್ತೆ ಉರಿ.

ಅಷ್ಟರಲ್ಲಿ ಬೀದಿಯ ಕೊನೆಯ ಮಾದೇವಮ್ಮ ಸಸಿ ನೆಡಲು ಕರೆಯಲು ಬಂದಳು. ಪುಟ್ಟಬಸಮ್ಮನಿಗೆ ಭಯವಾಯಿತು. ಹೊಟ್ಟೆಯಲ್ಲಿ ಇಷ್ಟು ಕಿಚ್ಚಿಟ್ಟುಕೊಂಡು ನೆಟ್ಟರೆ ಸಸಿ ಸುಟ್ಟುಹೋದೀತು. “ನನ್ಗೆ ಮೈ ಸರಿ ಇಲ್ಲ ಕಣಮ್ಮಿ, ಬ್ಯಾರೆ ಯಾರ್ನಾದ್ರೂ ಕರಿ” ಎಂದಳು. ಮಾದೇವಮ್ಮ ಬಿಡಲಿಲ್ಲ. “ಕೈ ಸರಿ ಅದಲ್ಲ, ಬಾ” ಎಂದು ಎಳೆದುಕೊಂಡೇ ಹೋದಳು. ನೆಟ್ಟು ಬಂದಮೇಲೆ ಪುಟ್ಟಬಸಮ್ಮ ದಿನವೂ ಆ ಹೊಲದ ದಾರಿಯಲ್ಲೇ ಸೊಪ್ಪಿಗೆ ಹೋದಳು. ಸಸಿ ಬಾಡಲಿಲ್ಲ. ಕವಲೊಡೆದು ದುಂಡಗೆ ಎದ್ದು ನಿಂತಿತು. ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಈ ಕೈ ತನ್ನ ಮಾತನ್ನೇ ಕೇಳುವುದಿಲ್ಲವಲ್ಲ, ತನಗೆ ಬೇಡವಾದವರಿಗೂ ಒಳ್ಳೆಯದನ್ನೇ ಮಾಡುತ್ತದಲ್ಲ ಎಂದು ಅದರ ಮೇಲೂ ಸಿಟ್ಟು ಬಂತು.

ಹೊಸ ಮನೆ ಹೊಗಬಾರದ ಆಡಿ ತಿಂಗಳು ಕಳೆದು ಶ್ರಾವಣ ಬಂತು. ಸೋಮವಾರ ಮನೆ ಹೊಗುವುದೆಂದಾಯಿತು. ಗುರುಲಿಂಗಮ್ಮ ಜಗಲಿಗೆ ಬಂದು ಕಂಬ ಹಿಡಿದು ನಿಂತಳು.

“ಅಕ್ಕ, ನೀನೇ ಬಂದು ಆಲುಕ್ಕಿಸ್ಬೇಕು.”

“ಅಲ್ಲೇ ಯಾರೂ ಸಿಕ್ಕದಿಲ್ವಾ?”

“ಊರೋರ್ಗೆಲ್ಲ ಮಾಡ್ಕೊಡ್ತೀಯ, ನನ್ಗಿಲ್ವಾ? ನಿನ್ ಕೈ ಬಿದ್ರೆ ಆ ಮನೇಲಾದ್ರೂ ನನ್ ಒಟ್ಟೆ ತುಂಬ್ತದೇನೋ ಅಂತ...” ಅವಳು ಕಂಬವನ್ನು ಉಗುರಿನಿಂದ ಕೆರೆಯತೊಡಗಿದಳು. ಮಕ್ಕಳ ಮಾತೆತ್ತಿದರೆ ಅವಳಿಗೆ ಯಾವಾಗಲೂ ಹಾಗೆಯೇ.

ಇಲ್ಲ ಎನ್ನಬಹುದಿತ್ತು. ಆದರೆ ಇಲ್ಲ ಅಂದರೆ ಆ ಮನೆಯನ್ನು ಇನ್ನೊಂದು ಸಲ ನೋಡುವಂತಿಲ್ಲ. “ಬತ್ತೀನಿ ಬುಡು” ಎಂದಳು ಪುಟ್ಟಬಸಮ್ಮ.

ವೃಷಭೇಂದ್ರ ಸಾಮಾನಿನೊಂದಿಗೆ ಮೊದಲೇ ಹೋಗಿದ್ದ. ವಾರಗಿತ್ತಿಯರಿಬ್ಬರೂ ಬೆಳಗಿನ ಬಸ್ಸು ಹತ್ತಿದರು. ಪುಟ್ಟಬಸಮ್ಮ ತನ್ನ ಹಸುವಿನ ಹಾಲನ್ನು ಒಂದು ಉಕ್ಕು ಬರಿಸಿ ಆರಿಸಿ, ಹಿಡಿಯಿರುವ ಮುಚ್ಚಳದ ತೂಕುಪಾತ್ರೆಯಲ್ಲಿ ತುಂಬಿ, ಒದ್ದೆ ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ದಿಂಬಂನಲ್ಲಿ ಬಸ್ಸು ನಿಂತಾಗ ಗುರುಲಿಂಗಮ್ಮ ಇಳಿದು ಟೀ ತಂದುಕೊಟ್ಟಳು. ಇವಳ ಎರಡು ಕೈಯೂ ತೂಕಿನ ಮೇಲೆ. ಗುರುಲಿಂಗಮ್ಮನೇ ಲೋಟವನ್ನು ಬಾಯಿಗೆ ಹಿಡಿದು ಕುಡಿಸಿದಳು. ಒಂದು ಹನಿ ಗದ್ದದ ಮೇಲೆ ಬಿತ್ತು, ಸೆರಗಿನಿಂದ ಒರೆಸಿದಳು. ಇಷ್ಟು ಒಳ್ಳೆಯವಳಾಗಿ ಯಾಕಿರಬೇಕು ಇವಳು ಎಂದು ಪುಟ್ಟಬಸಮ್ಮನಿಗೆ ಇನ್ನೂ ಉರಿಯಿತು. ಕೆಟ್ಟವಳಾಗಿದ್ದರೆ ಬೈದು ಮುಗಿಸಬಹುದಿತ್ತು.

ಮೆಟ್ಟಿಲ ಹತ್ತಿರ ಪಾವಾತ್ತಾ ರಂಗೋಲಿ ಹಾಕಿ ಕಾಯುತ್ತಿದ್ದಳು. ಕನ್ನಡಕ ಸರಿಮಾಡಿಕೊಂಡು ನೋಡಿದವಳು ಗುರುಲಿಂಗಮ್ಮನನ್ನು ದಾಟಿ ನೇರವಾಗಿ ಪುಟ್ಟಬಸಮ್ಮನ ಕೈ ಹಿಡಿದಳು.

“ಅಯ್ಯೋ, ನೀನೇ ಅಲ್ಲವಾ ಅಮ್ಮಿಣಿ! ಶುಕ್ರವಾರ ಬಂದು ತಾಂಬೂಲ ಕೊಟ್ಟವಳು! ನಿನ್ನ ಕೈ ಎಂಥ ಕೈಯೋ, ಮಾರನೇ ದಿನವೇ ನನ್ನ ಮಗಳಿಗೆ ಗಂಡು ಗೊತ್ತಾಯಿತು. ಆಮೇಲೆ ಎಷ್ಟು ಜನ ಬಂದರು ಗೊತ್ತಾ ಈ ಮನೆಗೆ? ಯಾರಿಗೂ ಕೊಡಲು ಮನಸ್ಸೇ ಬರಲಿಲ್ಲ. ಈ ತಮ್ಮ ಬಂದು ದೊಡ್ಡಗಾಜನೂರು ಅಂದ. ನಮ್ಮ ಅತ್ತಿಗೆ ನೋಡಿ ಹೋಗಿದ್ದಾರೆ ಅಂದ. ನೀನೇ ಕಳಿಸಿದ್ದೀಯ ಅಂತ ಮಾತಾಡದೆ ಕೊಟ್ಟುಬಿಟ್ಟೆ.”

ಮೆಟ್ಟಿಲ ಮೇಲೆ ನಿಂತಿದ್ದ ವೃಷಭೇಂದ್ರ ಹಲ್ಲು ಬಿಟ್ಟು ನಗುತ್ತಿದ್ದ. ಗುರುಲಿಂಗಮ್ಮ ನಗಲಿಲ್ಲ. ಅವಳಿಗೂ ತಮಿಳು ಬರುತ್ತಿತ್ತು.

“ಅಕ್ಕ, ನೀನು ಈ ಮನೆಗೆ ವೀಳ್ಯ ಕೊಟ್ಟಿದ್ಯಾ?”

“ಕೊಟ್ಟಿದ್ದೆ.”

“ನನ್ಗೆ ಏಳ್ನೇ ಇಲ್ವಲ್ಲ!”

“ಕೇಳ್ನಿಲ್ವಲ್ಲ ನೀನು.”

“ವೀಳ್ಯ ಆಗಿರದ್ರ ಮೇಲೆ ನಾವ್ ಬಂದ್ವಾ ಅಕ್ಕ?” ಗುರುಲಿಂಗಮ್ಮನ ಮುಖ ಬಿಳಿಚಿಕೊಂಡಿತು. ಅವರ ಕಡೆ ಅದು ಸಣ್ಣ ತಪ್ಪಲ್ಲ. ಒಬ್ಬರ ವೀಳ್ಯದ ಮೇಲೆ ಇನ್ನೊಬ್ಬರು ಹೋದರೆ ಪಂಚಾಯ್ತಿ ಸೇರಿಸಿ ಬಿಡಿಸುತ್ತಾರೆ.

“ಒತ್ತು ಮೀರ್ತದೆ, ನಡಿ ಮ್ಯಾಕೆ” ಎಂದಳು ಪುಟ್ಟಬಸಮ್ಮ. ಒಳಗೆ ಮಾತ್ರ, ಈ ಮನೆ ನಾನು ಬರಲೆಂದೇ ಇಷ್ಟು ದಿನ ಕಾದಿತ್ತು, ಕಾದು ಕಾದು ಅಡ್ಡ ಕೈಗೆ ಹೋಯಿತು ಎಂದು ಕೆಂಡ ಬಾಯಿಗೇ ಬಂದಂತಾಗಿತ್ತು.

ಅಡಿಗೆಮನೆಯ ಕಲ್ಲಿನ ಮೇಲೆ ಹೊಸ ಗ್ಯಾಸ್ ಒಲೆ ಕೂತಿತ್ತು. ವೃಷಭೇಂದ್ರ ತಿರುಪಿ ಹೊತ್ತಿಸುವುದನ್ನು ತೋರಿಸಿಕೊಟ್ಟ. ಪುಟ್ಟಬಸಮ್ಮ ಸೌದೆ ಒಲೆಯ ಕೈ. ಊರಿನಲ್ಲಿ ಮಾಡುವ ಹಾಗೆಯೇ ಪಾತ್ರೆಗೆ ಅರಿಸಿನ ಕಟ್ಟಿ, ಕಂಠದವರೆಗೂ ಹಾಲು ಹೊಯ್ದಳು. ಊರಿನಲ್ಲಿ ಎಷ್ಟು ಉಕ್ಕಿ ಚೆಲ್ಲಿದರೂ ಸೌದೆ ಒಂದು ಸಲ ಚುರ್ ಎಂದು ಮತ್ತೆ ಉರಿಯುತ್ತದೆ, ಧಾರಾಳವಾಗಿ ಚೆಲ್ಲಿದಷ್ಟೂ ಮನೆಗೆ ಒಳ್ಳೆಯದು. ಎಲ್ಲರೂ ಬಾಗಿಲಲ್ಲಿ ನಿಂತು ನೋಡಿದರು. ಹಾಲು ಮೇಲೆದ್ದಿತು, ಅಂಚು ದಾಟಿತು, ಮೂಡಲ ಕಡೆಗೇ ಇಳಿಯಿತು. ಗುರುಲಿಂಗಮ್ಮ ಕೈ ಮುಗಿದಳು. ಆ ಕೈ ಇಳಿಯುವ ಮೊದಲೇ ಹಾಲು ಸುತ್ತಲೂ ಸುರಿದು, ಪಟ್ ಎಂದು ಒಲೆ ಆರಿಹೋಯಿತು. ಗ್ಯಾಸಿನ ವಾಸನೆ ಬಂತು. ವೃಷಭೇಂದ್ರ ಧಾವಿಸಿ ತಿರುಪು ನಿಲ್ಲಿಸಿ ಕಿಟಕಿ ತೆಗೆದ.

“ಇದು ದಿನಾ ಆಗುವುದೇ” ಎಂದು ಪಾವಾತ್ತಾ ನಕ್ಕು, ಒರೆಸುವ ಬಟ್ಟೆ ತರಲು ಕೆಳಗಿಳಿದಳು. ವೃಷಭೇಂದ್ರನನ್ನು ಕೆಳಗೆ ಯಾರೋ ಕೂಗಿದರು, ಅವನೂ ಹೋದ.

ಗುರುಲಿಂಗಮ್ಮ ಅಡಿಗೆಮನೆಯ ನೆಲದ ಮೇಲೆ ಕುಸಿದು ಕೂತಳು. “ನಿನ್ ಕೈಲಿ ಇಟ್ಟ ಒಲೆ ಯಾವತ್ತಾದ್ರೂ ಆರಿದ್ದುಂಟಾ ಅಕ್ಕ? ವೀಳ್ಯದ ದೋಸ ಇದು. ನನ್ಗೆ ಬ್ಯಾಡ ಈ ಮನೆ. ನೀನೇ ಇಟ್ಕಾ. ಇವತ್ತೇ ಬೀಗದ್ ಕೈ ತಗಾ. ನಾವು ಇನ್ನೆಲ್ಲಾದ್ರೂ ನೋಡ್ಕತೀವಿ.” ಸೊಂಟದಲ್ಲಿದ್ದ ಬೀಗದ ಕೈಯನ್ನು ಕಳಚಿ ಚಾಚಿಯೇಬಿಟ್ಟಳು.

ಪುಟ್ಟಬಸಮ್ಮ ಆ ಬೀಗದ ಕೈಯನ್ನು ನೋಡಿದಳು. ಒಂದು ಮಾತು ಸಾಕಿತ್ತು. ‘ಹೌದು, ದೋಷ’ ಎಂದರೆ ಮುಗಿಯಿತು, ಈ ಹುಡುಗಿ ಸಂಜೆಯೊಳಗೆ ಸಾಮಾನು ಕಟ್ಟುತ್ತಾಳೆ. ನವಿಲಿನ ಕಂಬಿ, ಒಳಗಿನ ಬಚ್ಚಲು, ಸಿಹಿನೀರು, ಆಚೆಗೆ ನಿಂತ ಬಸ್ಸುಗಳು, ಎಲ್ಲ ಅವಳ ಅಂಗೈಯಷ್ಟು ದೂರದಲ್ಲಿದ್ದವು.

ಅವಳು ಕೈ ಚಾಚಲಿಲ್ಲ. ಕರುಣೆಯಿಂದಲ್ಲ. ತಗೊಂಡು ಮಾಡುವುದೇನು? ಈ ಹೊತ್ತಿಗೆ ಊರಿನಲ್ಲಿ ಹಸು ಜಡೇಸ್ವಾಮಿಯನ್ನು ಒದ್ದಿರುತ್ತದೆ. ಹೂವು ಇನ್ನೂ ಮುಗಿದಿಲ್ಲ, ಮುಗಿದ ಮೇಲೆ ಇನ್ನೊಂದು ನಾಟಿ ಬರುತ್ತದೆ, ಅವನ ‘ನೋಡವ’ ಯಾವತ್ತೂ ನೋಡುವುದಕ್ಕೆ ಬರುವುದಿಲ್ಲ. ಅವಳಿಗೆ ಅದು ಎಲ್ಲೋ ಗೊತ್ತೇ ಇತ್ತು. ಕೊಟ್ಟರೂ ಇಟ್ಟುಕೊಳ್ಳಲಾಗದ ಮನೆಗೆ ಇಷ್ಟು ದಿನ ಉರಿದೆನಲ್ಲ ಎನ್ನಿಸಿತು. ಹಾಗೆಂದು ಉರಿ ಆರಿತೇ? ಇಲ್ಲ. ತನಗಿಲ್ಲದ ಈ ಕೋಣೆಯಲ್ಲಿ ಇವತ್ತು ರಾತ್ರಿ ಗುರುಲಿಂಗಮ್ಮ ಮೊದಲ ನಿದ್ದೆ ಮಾಡುತ್ತಾಳೆಂದು ನೆನೆದರೆ ಅವಳಿಗೆ ತಡೆಯಲಾಗಲಿಲ್ಲ.

“ಎದ್ದೇಳಮ್ಮಿ” ಎಂದಳು. “ದೋಸ ಅದೆ. ಆದ್ರೆ ಕಳೆಯೋ ದೋಸ.”

“ಎಂಗಕ್ಕ?”

“ವೀಳ್ಯ ಕೊಟ್ಟೋಳೇ ಮತ್ತೆ ಬೆಂಕಿ ಅಚ್ಚಬೇಕು. ಅಚ್ಚಿ, ಆಲುಕ್ಕಿಸಿ, ಮೊದಲ್ನೇ ರಾತ್ರಿ ಅವಳೇ ಆ ಕ್ವಾಣೇಲಿ ಮನಿಕ್ಕಬೇಕು. ಮನೆಯೋರು ಒರುಗ್ಡೆ ಪಡಸಾಲೇಲಿ ಮನಿಕ್ಕಬೇಕು.”

ಇಂಥ ಕಟ್ಟಳೆಯನ್ನು ದೊಡ್ಡಗಾಜನೂರಿನಲ್ಲಾಗಲಿ ಸುತ್ತಿನ ಹಳ್ಳಿಗಳಲ್ಲಾಗಲಿ ಯಾರೂ ಕೇಳಿರಲಿಲ್ಲ. ಆ ಗಳಿಗೆಯ ಮೊದಲು ಪುಟ್ಟಬಸಮ್ಮನೂ ಕೇಳಿರಲಿಲ್ಲ.

“ಅಷ್ಟೇನಾ ಅಕ್ಕ?” ಗುರುಲಿಂಗಮ್ಮ ಕಣ್ಣೊರೆಸಿಕೊಂಡಳು.

ಅಷ್ಟು ಬೇಗ ಒಪ್ಪಿದ್ದು ನೋಡಿ ಪುಟ್ಟಬಸಮ್ಮನಿಗೆ ಇನ್ನೂ ಸ್ವಲ್ಪ ಕೇಳಬಹುದಿತ್ತು ಅನ್ನಿಸಿತು. “ವರ್ಸೊರ್ಸವೂ” ಎಂದು ಸೇರಿಸಿದಳು. “ಶ್ರಾವಣದಲ್ಲಿ. ಮತ್ತೆ ಭಾನುವಾರ ಸೌಮ್ಯ ಬತ್ತಾಳೆ ಊಟಕ್ಕೆ. ಅದೂ ಸೇರ್ತದೆ.”

“ಅವ್ಳು ಬರದೆ ಇದ್ರೆ ನಾನೇ ಓಗಿ ಎಳ್ಕಂಡ್ ಬತ್ತೀನಿ ಕಣಕ್ಕ!”

ಎರಡನೇ ಸಲ ಪಾತ್ರೆಗೆ ಅರ್ಧವೇ ಹಾಲು ಹೊಯ್ದಳು. ಅದು ಎದ್ದು, ಮೂಡಲಿಗೆ ಒಂದು ಎಳೆ ಇಳಿದು ನಿಂತಿತು. ಒಲೆ ಆರಲಿಲ್ಲ. ಆ ಕೈ ಅವಳ ಹೊಟ್ಟೆಯ ಮಾತನ್ನು ಈ ಸಲವೂ ಕೇಳಲಿಲ್ಲ.

ಕೆಳಗಿನಿಂದ ಬಂದ ವೃಷಭೇಂದ್ರನಿಗೆ ವಿಷಯ ತಿಳಿಯಿತು. “ಅತ್ಗೆ, ನನ್ ಮನೇಲಿ ನನ್ನೇ ಒರುಗ್ ಆಕಿದ್ರಲ್ಲ! ಇದು ಯಾವ್ ಊರ್ ಶಾಸ್ತ್ರ?”

“ನಿನ್ ಗಾಡೀಲಿ ಟಿಕೆಟ್ ಇಲ್ದೆ ಅತ್ತಿಸ್ಕತಿಯಾ? ಅಂಗೇಯ ಇದೂ. ಸುಮ್ನೆ ಚಾಪೆ ಆಸ್ಕಾ” ಎಂದಳು ಪುಟ್ಟಬಸಮ್ಮ.

ಬೆಳಿಗ್ಗೆ ಅವಳು ಎದ್ದಾಗ ವೃಷಭೇಂದ್ರ ಕೆಲಸಕ್ಕೆ ಹೋಗಿಯಾಗಿತ್ತು. ಸ್ನಾನ ಮಾಡಿದಳು, ಒಳಗಿನ ಬಚ್ಚಲಿನಲ್ಲಿ, ಬಾಗಿಲು ಹಾಕಿಕೊಂಡು, ನಿಧಾನವಾಗಿ. ವಿಭೂತಿ ಧರಿಸಿ ಕಿಟಕಿಯ ಮುಂದೆ ಕಾಫಿ ಹಿಡಿದು ಕೂತಳು. ಗುರುಲಿಂಗಮ್ಮ ನಲ್ಲಿಯ ಕೆಳಗೆ ಅಕ್ಕಿ ತೊಳೆಯುತ್ತ ಏನೋ ಹಾಡಿಕೊಳ್ಳುತ್ತಿದ್ದಳು. ಪುಟ್ಟಬಸಮ್ಮ ಆ ನೀರಿನ ಸದ್ದಿಗೆ ಕಿವಿ ಕೊಟ್ಟಳು. ನಾಳೆ ಬೆಳಿಗ್ಗೆಯೂ ಈ ಸದ್ದು ಇಲ್ಲೇ ಇರುತ್ತದೆ, ತಾನು ಮಾತ್ರ ಊರಿನ ಬೇವಿನ ಮರದ ಕೆಳಗೆ. ಕರ್ಟನ್ ಬಟ್ಟೆ ಇನ್ನೂ ಕಟ್ಟಿರಲಿಲ್ಲ. ಮಡಿಚಿದ್ದನ್ನು ಎತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿ, ಅದರ ಮೇಲೆ ಕಂಬಳಿ ಇಟ್ಟಳು.

“ಅಕ್ಕ, ಸತ್ಯಮಂಗಲದ ಗಾಡಿ ನಿಂತದೆ ನೋಡು. ಈಗ ಇಳುದ್ರೆ ಸೀಟು ಸಿಕ್ತದೆ. ಬಾವ ಕಾಯ್ತಾರೆ.”

ನವಿಲಿನ ಕತ್ತಿನ ಪಕ್ಕದಲ್ಲಿ ಆ ಬಸ್ಸು ಕಾಣುತ್ತಿತ್ತು. ಕಂಡಕ್ಟರು ಊರುಗಳ ಹೆಸರು ಕೂಗುತ್ತಿದ್ದ. ಜನ ಹತ್ತುತ್ತಿದ್ದರು. ಪುಟ್ಟಬಸಮ್ಮನ ಕಾಲು ಅಭ್ಯಾಸದಂತೆ ತಾನಾಗಿಯೇ ಒಂದು ಸಲ ನೆಲ ಒತ್ತಿತು. ಅವಳು ಅದನ್ನು ಮಡಚಿ ಸೀರೆಯೊಳಗೆ ಎಳೆದುಕೊಂಡಳು. ಬಸ್ಸು ಹಾರ್ನ್ ಮಾಡಿತು, ಹೊರಟಿತು, ತಿರುವಿನಲ್ಲಿ ಮರೆಯಾಯಿತು. ಇಷ್ಟು ವರ್ಷದ ಬದುಕಿನಲ್ಲಿ ಮೊದಲ ಸಲ ಒಂದು ಬಸ್ಸು ಅವಳನ್ನು ಬಿಟ್ಟುಹೋದದ್ದಲ್ಲ, ಅವಳೇ ಬಿಟ್ಟದ್ದು.

“ಓಯ್ತಲ್ಲ ಅಕ್ಕ!”

“ಓಗ್ಲಿ ಬುಡು. ಇನ್ನೊಂದು ಬತ್ತದೆ” ಎಂದಳು ಪುಟ್ಟಬಸಮ್ಮ, ಲೋಟವನ್ನು ಮುಂದೆ ಚಾಚಿ. “ಇನ್ನೊಂದ್ ಚೂರು ಕಾಫಿ ಉಯ್ಯಿ.”